ಮಗುವಿಗೆ ಆಟಿಸಂ ಇರಬಹುದು ಅನ್ನಿಸಿದರೆ: ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ತಂದೆತಾಯಿಗೆ ತಪಾಸಣೆಯ ಸಮಗ್ರ ಮಾರ್ಗದರ್ಶಿ

ನನ್ನ ಮಗನಿಗೆ ಆಗ ಎರಡು ವರ್ಷ ಎರಡು ತಿಂಗಳು. ಚುರುಮುರಿ ಬೇಕೆನಿಸಿದರೆ ನನ್ನ ಮುಂಗೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗುತ್ತಿದ್ದ. ಡಬ್ಬಿ ಇಟ್ಟ ಹಲಗೆಯ ಕಡೆಗೆ ನನ್ನ ಕೈಯನ್ನು ಎತ್ತಿ ಬಿಡುತ್ತಿದ್ದ. ಬೆರಳು ಮಾಡಿ ತೋರಿಸುತ್ತಿರಲಿಲ್ಲ. ನನ್ನ ಮುಖವನ್ನೂ ನೋಡುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ನನ್ನ ಕೈ ಮಾತ್ರ. "ಎಷ್ಟ್ ಶ್ಯಾಣ್ಯಾ ಅದಾನ ನೋಡ" ಎಂದು ಮನೆಯವರೆಲ್ಲ ಖುಷಿಪಟ್ಟಿದ್ದೆವು. ಅದೇ ದೊಡ್ಡ ಸೂಚನೆ ಅಂತ ನಮಗೆ ಗೊತ್ತಿರಲಿಲ್ಲ.

ಮಾತು ಬರದಿದ್ದಾಗ ಅತ್ತೆ ಸಮಾಧಾನ ಹೇಳಿದರು: "ಗಂಡ್ ಹುಡುಗ್ರು ತಡಾನ ಮಾತಾಡ್ತಾವ ಬಿಡವಾ. ನಿನ್ನ ಗಂಡನೂ ಮೂರು ವರ್ಷಕ್ಕ ಬಾಯಿ ಬಿಟ್ಟಾನ." ಮೊದಲು ತೋರಿಸಿದ ಡಾಕ್ಟರೂ ನಾಲ್ಕು ವರ್ಷದವರೆಗೆ ಕಾದು ನೋಡೋಣ ಎಂದರು. ಎಂಟು ತಿಂಗಳು ಕಾದೆವು. ಆ ಎಂಟು ತಿಂಗಳು ಇವತ್ತಿಗೂ ನನ್ನನ್ನು ಕಾಡುತ್ತವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ತೋರಿಸಿ, ಏನೂ ಇಲ್ಲ ಅಂತ ಆದರೆ ಹೋಗುವುದು ಒಂದೆರಡು ದಿನದ ಕೆಲಸ ಮತ್ತು ಬಸ್ ಚಾರ್ಜು. ತೋರಿಸದೆ ಕುಳಿತು, ಇದೆ ಅಂತ ಆದರೆ ಹೋಗುವುದು ಮಗುವಿನ ಮಿದುಳು ಚುರುಕಾಗಿ ಕಲಿಯುವ ವಯಸ್ಸು.

ಆಟಿಸಂಗೆ ಸ್ವಲೀನತೆ ಎಂಬ ಕನ್ನಡ ಪದ ಇದೆ. ಕಾಗದಪತ್ರದಲ್ಲಿ ಅದು ಕಂಡರೆ ಗಾಬರಿಯಾಗಬೇಡಿ, ಎರಡೂ ಒಂದೇ. ದವಾಖಾನೆಯಲ್ಲಿ ಎಲ್ಲರೂ ಆಟಿಸಂ ಎಂದೇ ಹೇಳುತ್ತಾರೆ.

ಮೊದಲ ಹೆಜ್ಜೆ: ಮಾತೊಂದನ್ನೇ ನೋಡಬೇಡಿ

ಮಾತು ತಡವಾದ ಮಕ್ಕಳೆಲ್ಲ ಆಟಿಸಂ ಮಕ್ಕಳಲ್ಲ. ಚೆನ್ನಾಗಿ ಮಾತಾಡುವ ಮಕ್ಕಳಲ್ಲೂ ಆಟಿಸಂ ಇರಬಹುದು. ಡಾಕ್ಟರು ಮುಖ್ಯವಾಗಿ ನೋಡುವುದು ಎರಡು ವಿಷಯ. ಒಂದು, ಮಗು ಬೇರೆಯವರೊಡನೆ ಹೇಗೆ ಬೆರೆಯುತ್ತದೆ, ಕಣ್ಣು, ಕೈ, ಮುಖ, ಮಾತಿನಿಂದ ಹೇಗೆ ತನ್ನ ಮನಸ್ಸು ತಿಳಿಸುತ್ತದೆ. ಇನ್ನೊಂದು, ಮಾಡಿದ್ದನ್ನೇ ಮಾಡುವುದು, ಒಂದೇ ವಸ್ತುವಿನ ಹಿಂದೆ ಬೀಳುವುದು, ಶಬ್ದ, ಬೆಳಕು, ಮುಟ್ಟಿದ ಅನುಭವಕ್ಕೆ ಜಾಸ್ತಿ ಅಥವಾ ಕಡಿಮೆ ಪ್ರತಿಕ್ರಿಯೆ ತೋರುವುದು. ಎರಡೂ ಕಡೆ ಲಕ್ಷಣ ಇದ್ದರೆ ಮಾತ್ರ ಆಟಿಸಂ ಎನ್ನುತ್ತಾರೆ.

ಒಂದು ವರ್ಷ ತುಂಬಿದ ಮಗು ಹೆಸರು ಹಿಡಿದು ಕರೆದರೆ ತಿರುಗಿ ನೋಡಬೇಕು. ಒಂದೂಕಾಲು ವರ್ಷದ ಹೊತ್ತಿಗೆ ಬೇಕಾದದ್ದನ್ನು ಬೆರಳು ಮಾಡಿ ತೋರಿಸಬೇಕು. ಆಮೇಲೆ ಬರುವ ಇನ್ನೊಂದು ತೋರಿಸುವಿಕೆ ಇದೆ, ಅದು ಬಹಳ ಮುಖ್ಯ. ಆಕಾಶದಲ್ಲಿ ವಿಮಾನ ಹೋದರೆ, ಓಣಿಯಲ್ಲಿ ಎತ್ತು ಬಂದರೆ, "ನೀನೂ ನೋಡು" ಎಂಬಂತೆ ಬೆರಳು ಮಾಡಿ ನಿಮ್ಮ ಮುಖ ನೋಡುವುದು. ಬೇಕು ಎಂದು ಕೇಳುವುದಕ್ಕೂ, ಖುಷಿ ಹಂಚಿಕೊಳ್ಳಲು ತೋರಿಸುವುದಕ್ಕೂ ಬಹಳ ವ್ಯತ್ಯಾಸ ಇದೆ. ಒಂದು ವರ್ಷ ನಾಲ್ಕು ತಿಂಗಳಿಗೆ ಒಂದಾದರೂ ಪದ, ಎರಡು ವರ್ಷಕ್ಕೆ "ಅವ್ವಾ ಬಾ", "ಹಾಲು ಕೊಡು" ತರಹದ ಎರಡು ಪದದ ಸ್ವಂತ ಮಾತು ಬರಬೇಕು. ನಾವು ಅಂದದ್ದನ್ನೇ ತಿರುಗಿ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಬಂದ ಮಾತು ಹೋಗಿಬಿಟ್ಟರೆ, ಅಂದರೆ ಮೊದಲು "ಅಪ್ಪ, ಅವ್ವ" ಎನ್ನುತ್ತಿದ್ದ ಮಗು ಈಗ ಸುಮ್ಮನಾಗಿದ್ದರೆ, ಯಾವ ವಯಸ್ಸಾದರೂ ಆ ವಾರವೇ ತೋರಿಸಿ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ಒಬ್ಬಳೇ ಕೂತು ಗೊಂಬೆ ಸಾಲು ಹಚ್ಚುವ ಹುಡುಗಿಯನ್ನು ನಾವು "ನಾಚಿಕೆ ಸ್ವಭಾವ, ಪಾಪ ಸುಮ್ನೆ ಇರುತ್ತಾಳೆ" ಎಂದುಬಿಡುತ್ತೇವೆ. ಅದರಿಂದಲೇ ಅವರಲ್ಲಿ ಗೊತ್ತಾಗುವುದು ತಡ.

ಎರಡನೆಯದು: ಒಂದು ವಾರ ಬರೆದಿಡಿ, ವಿಡಿಯೋ ಮಾಡಿ

ಇಡೀ ತಪಾಸಣೆಯಲ್ಲಿ ನಿಮ್ಮ ಕೈಯಲ್ಲಿರುವ ದೊಡ್ಡ ಕೆಲಸ ಇದು. ಆಟಿಸಂ ಹೇಳುವ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಮಗುವನ್ನು ನೋಡಿ, ನಿಮ್ಮ ಮಾತು ಕೇಳಿ ತೀರ್ಮಾನ ಮಾಡುತ್ತಾರೆ. ನೀವು ಕೊಡುವ ಮಾಹಿತಿ ಎಷ್ಟು ಗಟ್ಟಿಯೋ ತೀರ್ಮಾನವೂ ಅಷ್ಟು ಗಟ್ಟಿ.

ಇನ್ನೂರು ಪುಟದ ಸಾದಾ ನೋಟ್‌ಬುಕ್ ಸಾಕು. "ಮಗು ಹಟಮಾರಿ" ಎಂದು ಬರೆಯಬೇಡಿ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ನನ್ನ ಪುಸ್ತಕದ ಒಂದು ದಿನ ಹೀಗಿತ್ತು: "ಬೆಳಿಗ್ಗೆ ಹತ್ತು ಸಲ ಹೆಸರು ಕರೆದೆ, ಒಂದು ಸಲ ತಿರುಗಿದ. ಬಿಸ್ಕತ್ತಿನ ಪಾಕೀಟು ಸಪ್ಪಳಕ್ಕೆ ಮಾತ್ರ ಆಚೆ ಕೋಣೆಯಿಂದ ಓಡಿ ಬಂದ. ಆಟದ ಟ್ರ್ಯಾಕ್ಟರ್ ತಲೆಕೆಳಗೆ ಮಾಡಿ ಗಾಲಿ ತಿರುಗಿಸಿದ, 25 ನಿಮಿಷ. ಮಿಕ್ಸರ್ ಹಚ್ಚಿದಾಗ ಎರಡೂ ಕಿವಿ ಮುಚ್ಚಿ ಅತ್ತ. ಕಾಕಾನ ಮಗಳು ಬಂದಳು, ಕಣ್ಣೆತ್ತಿ ನೋಡಲಿಲ್ಲ." ಡಾಕ್ಟರು ಇದನ್ನು ಎರಡು ಸಲ ಓದಿದರು. ನಾನು ಹತ್ತು ನಿಮಿಷ ಮಾತಾಡಿ ಹೇಳಲಾಗದ್ದು ಆ ಆರು ಸಾಲಿನಲ್ಲಿತ್ತು.

ಅವನಿಗೆ ಏನು ಬರುತ್ತದೆ ಎನ್ನುವುದನ್ನೂ ಬರೆಯಿರಿ. ಯಾವ ಹಾಡಿಗೆ ನಗುತ್ತಾನೆ, ಯಾವ ಆಟ ಇಷ್ಟ, ಯಾರ ಹತ್ತಿರ ಹೋಗುತ್ತಾನೆ. ಮುಂದೆ ಕಲಿಸುವವರು ಶುರು ಮಾಡುವುದೇ ಅಲ್ಲಿಂದ.

ವಿಡಿಯೋ ಒಂದೊಂದು ನಿಮಿಷದ್ದು ನಾಲ್ಕೈದು ಇರಲಿ. ಊಟದ ಹೊತ್ತಿನದು, ಒಬ್ಬನೇ ಆಡುವಾಗಿನದು, ಬೇರೆ ಮಕ್ಕಳ ನಡುವೆ ಇರುವಾಗಿನದು, ಹೆಸರು ಕರೆದಾಗಿನದು, ಸಿಟ್ಟು ಬಂದಾಗಿನದು. ದವಾಖಾನೆಯಲ್ಲಿ ಮಗು ಮನೆಯಲ್ಲಿದ್ದ ಹಾಗೆ ಇರುವುದಿಲ್ಲ, ಅಲ್ವಾ?

ಜೊತೆಗೆ ತಾಯಿ ಕಾರ್ಡ್, ಹುಟ್ಟಿದಾಗಿನ ಡಿಸ್ಚಾರ್ಜ್ ಕಾಗದ, ಹುಟ್ಟಿದ ತೂಕ, ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ತುರ್ತು ನಿಗಾ ಘಟಕದಲ್ಲಿ ಇಟ್ಟಿದ್ದರೆ ಎಷ್ಟು ದಿನ, ಫಿಟ್ಸ್ ಬಂದಿತ್ತಾ, ಕುತ್ತಿಗೆ ನಿಂತದ್ದು, ಕೂತದ್ದು, ನಡೆದದ್ದು ಯಾವಾಗ, ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಫೈಲಿಗೆ ಹಾಕಿ. ತಾರೀಖು ನೆನಪಿಲ್ಲದಿದ್ದರೆ ಹಬ್ಬ ಹಿಡಿದು ಲೆಕ್ಕ ಹಾಕಿ. "ಕಾರ ಹುಣ್ಣಿಮೆಗೆ ನಡೀತಿದ್ದ" ಅಂದರೆ ತಿಂಗಳು ಸಿಕ್ಕೇ ಸಿಗುತ್ತದೆ.

ಮೂರನೆಯದು: ಕಿವಿ ತೋರಿಸಿ

ಕರೆದರೆ ತಿರುಗದ ಮಗುವಿಗೆ ಮೊದಲು ಕಿವಿ ಕೇಳಿಸುತ್ತದಾ ಎಂದು ನೋಡಲೇಬೇಕು. "ಟಿವಿ ಹಚ್ಚಿದರೆ ಓಡಿ ಬರುತ್ತಾನೆ, ಕಿವಿ ಸರಿ ಇದೆ" ಎಂದು ನಾವೂ ವಾದ ಮಾಡಿದ್ದೆವು. ಕೆಲವು ಶಬ್ದ ಕೇಳಿ ಕೆಲವು ಕೇಳದಿರುವುದೂ ಉಂಟು.

ಪರೀಕ್ಷೆ ಎರಡು ಬಗೆ. ಓಎಇ ಎಂದರೆ ಕಿವಿಯಲ್ಲಿ ಸಣ್ಣ ಬಿರಡೆಯಂಥದ್ದು ಇಟ್ಟು ಮಾಡುವುದು, ಕೆಲವೇ ನಿಮಿಷ. ಬೇರಾ ಎಂದರೆ ತಲೆಗೆ ಸಣ್ಣ ತಂತಿ ಅಂಟಿಸಿ, ಶಬ್ದಕ್ಕೆ ಮಿದುಳಿನ ಕಡೆಯಿಂದ ಉತ್ತರ ಬರುತ್ತದಾ ನೋಡುವುದು. ಎರಡೂ ನೋವಿಲ್ಲದ್ದು. ಬೇರಾಕ್ಕೆ ಮಗು ಗಾಢವಾಗಿ ಮಲಗಿರಬೇಕು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ನಿದ್ದೆ ಮಾಡಲು ಬಿಡಬೇಡಿ. ನಮ್ಮವನು ಬಸ್ಸಿನಲ್ಲಿ ಹಾಯಾಗಿ ಮಲಗಿ, ಪರೀಕ್ಷೆಯ ಹೊತ್ತಿಗೆ ಕಣ್ಣರಳಿಸಿ ಕೂತ. ಇನ್ನೊಂದು ದಿನ ಹೋಗಬೇಕಾಯಿತು. ನಿದ್ದೆಯ ಸಿರಪ್ಪು ಕೊಡುತ್ತಾರಾದರೆ ಮಗು ಎಷ್ಟು ಹೊತ್ತಿನಿಂದ ಏನೂ ತಿಂದಿರಬಾರದು ಎಂದು ಮೊದಲೇ ಕೇಳಿಕೊಳ್ಳಿ.

ನಾಲ್ಕನೆಯದು: ಎಲ್ಲಿಗೆ ಹೋಗುವುದು

ಹಳ್ಳಿಯಲ್ಲಿದ್ದರೆ ಅಂಗನವಾಡಿಯಿಂದಲೇ ಶುರು ಮಾಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಅಂದರೆ ಆರ್‌ಬಿಎಸ್‌ಕೆ, 2013ರಲ್ಲಿ ಶುರುವಾಯಿತು. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ಇದರಲ್ಲಿ ಬರುತ್ತಾರೆ. ಇದರ ಡಾಕ್ಟರ್ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಆ ದಿನ ಯಾವುದು ಎಂದು ಅಂಗನವಾಡಿ ಅಕ್ಕನನ್ನೋ ಆಶಾ ಅಕ್ಕನನ್ನೋ ಕೇಳಿ, ಮಗುವನ್ನು ತಪ್ಪದೆ ಕಳಿಸಿ. ದಿನ ದೂರ ಇದ್ದರೆ ಕಾಯಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಗಿ.

ಈ ಕಾರ್ಯಕ್ರಮದಲ್ಲಿ ಜಿಲ್ಲಾ ಮಟ್ಟಕ್ಕೆ ಇರುವುದು ಡಿಇಐಸಿ. ಪುಟ್ಟ ಮಕ್ಕಳ ಬೆಳವಣಿಗೆಯ ತೊಂದರೆಯನ್ನು ಬೇಗ ಕಂಡುಹಿಡಿಯುವ ಕೇಂದ್ರ ಅದು. ಮಕ್ಕಳ ಡಾಕ್ಟರು, ಕಿವಿ ಮತ್ತು ಮಾತಿನ ತಜ್ಞರು, ಮನಃಶಾಸ್ತ್ರಜ್ಞರು, ಫಿಸಿಯೋಥೆರಪಿಸ್ಟ್, ವಿಶೇಷ ಶಿಕ್ಷಕರು ಒಂದೇ ಕಡೆ ಇರಲಿ ಎಂಬುದು ಇದರ ಉದ್ದೇಶ. ಹಣ ಕೊಡಬೇಕಿಲ್ಲ. ಹುದ್ದೆ ಖಾಲಿ ಇರುವುದೂ ಉಂಟು, ಆದ್ದರಿಂದ ಯಾವ ತಜ್ಞರು ಯಾವ ದಿನ ಇರುತ್ತಾರೆ ಎಂದು ಆಶಾ ಅಕ್ಕನಿಂದ ಕೇಳಿಸಿ ತಿಳಿದುಕೊಂಡೇ ಹೊರಡಿ. ಕೂಲಿ ಬಿಟ್ಟು ಹೋದವರಿಗೆ ಬರಿಗೈಲಿ ಬರುವುದು ಸಣ್ಣ ಮಾತಲ್ಲ.

ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು ಇನ್ನೊಂದು ದಾರಿ. ಬಾಗಲಕೋಟೆಯ ನವನಗರದಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಆಸ್ಪತ್ರೆ, ಬೆಳಗಾವಿಯಲ್ಲಿ ಬಿಮ್ಸ್ ಎನ್ನುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮತ್ತು ನೆಹರೂ ನಗರದ ಕೆಎಲ್‌ಇ ಆಸ್ಪತ್ರೆ. ಮೊದಲು ಮಕ್ಕಳ ವಿಭಾಗದಲ್ಲಿ ಚೀಟಿ ಮಾಡಿಸಿ. "ಮಾತು ಬಂದಿಲ್ಲ" ಎಂದಷ್ಟೇ ಹೇಳಿದರೆ ಗಂಟಲು ನೋಡಿ ಕಳಿಸಿಬಿಡಬಹುದು. "ಕರೆದರೆ ನೋಡುವುದಿಲ್ಲ, ಬೆರಳು ಮಾಡುವುದಿಲ್ಲ, ಆಟಿಸಂಗೆ ತಪಾಸಣೆ ಮಾಡಬೇಕು" ಎಂದು ಬಾಯಿ ಬಿಟ್ಟು ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಇಲ್ಲಿ ಸ್ಪಷ್ಟ ಉತ್ತರ ಸಿಗದಿದ್ದರೆ ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಗೆ ಹೋಗಿ, ನಮಗೆ ಹತ್ತಿರ. ಇನ್ನೂ ಮುಂದೆ ಹೋಗಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್, ಅಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಬೇರೆ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ಕಿವಿ, ಮಾತು, ಆಟಿಸಂ ಮೂರನ್ನೂ ಒಂದೇ ಆವರಣದಲ್ಲಿ ನೋಡುತ್ತಾರೆ. ವಿಜಯಪುರ, ಬಾಗಲಕೋಟೆಯಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ನೇರ ಮೈಸೂರಿಗೇ ಹೋಗುತ್ತದೆ. ಶಬ್ದಕ್ಕೆ ಹೆದರುವ ಮಗುವಿದ್ದರೆ ರಾತ್ರಿ ಗಾಡಿಯೇ ಒಳ್ಳೆಯದು. ದಿನಾ ಹೊದೆಯುವ ಅದೇ ಕೌದಿ ತೆಗೆದುಕೊಂಡು ಹೋಗಿ. ನಮ್ಮವನು ಅದನ್ನು ಮುಖಕ್ಕೆಳೆದುಕೊಂಡು ಗದಗ ದಾಟುವಷ್ಟರಲ್ಲಿ ಮಲಗಿದ್ದ.

ಎಲ್ಲಿಗೆ ಹೋಗಬೇಕೆಂದು ಗೊತ್ತಾಗದೆ ತಲೆ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಐದನೆಯದು: ಆ ದಿನ ಏನೇನು ಆಗುತ್ತದೆ

ಮಗುವಿಗೆ 16ರಿಂದ 30 ತಿಂಗಳಾಗಿದ್ದರೆ ಎಂ-ಚಾಟ್ ಎಂಬ 20 ಪ್ರಶ್ನೆಗಳ ಹಾಳೆ ಕೊಡಬಹುದು. ಇದಕ್ಕೆ ತಂದೆತಾಯಿ ಹೌದು, ಇಲ್ಲ ಎಂದು ಉತ್ತರ ಕೊಡಬೇಕು. ನೀವು ಕೋಣೆಯ ಆಚೆ ಬದಿಯ ವಸ್ತು ತೋರಿಸಿದರೆ ಮಗು ಅತ್ತ ನೋಡುತ್ತದಾ, ಖಾಲಿ ಲೋಟದಿಂದ ಕುಡಿದ ಹಾಗೆ ಸುಳ್ಳುಸುಳ್ಳೇ ಆಡುತ್ತದಾ, ಇಂಥ ಪ್ರಶ್ನೆಗಳು. ಇಲ್ಲಿ ಬಹಳ ಜನ ತಪ್ಪುತ್ತಾರೆ. ಯಾವಾಗಲೋ ಒಂದೆರಡು ಸಲ ಮಾಡಿದ್ದನ್ನು ನೆನೆದು "ಹೌದು" ಎಂದುಬಿಡುತ್ತಾರೆ. ಸಾಮಾನ್ಯವಾಗಿ ಮಾಡದಿದ್ದರೆ ಉತ್ತರ "ಇಲ್ಲ" ಅಂತಲೇ ಆಗಬೇಕು. ಮಗುವಿನ ಮರ್ಯಾದೆ ಉಳಿಸಲು ಹೋಗಿ ಮಗುವಿಗೇ ನಷ್ಟ ಮಾಡಬೇಡಿ. ಅಂಕ 0ರಿಂದ 2 ಇದ್ದರೆ ಚಿಂತೆ ಕಡಿಮೆ. ಆದರೆ ಎರಡು ವರ್ಷ ತುಂಬುವ ಮೊದಲು ಮಾಡಿಸಿದ್ದರೆ, ತುಂಬಿದ ಮೇಲೆ ಇನ್ನೊಮ್ಮೆ ಮಾಡಿಸಿ. 3ರಿಂದ 7 ಬಂದರೆ ಇನ್ನಷ್ಟು ಪ್ರಶ್ನೆ ಕೇಳುತ್ತಾರೆ. 8 ಅಥವಾ ಮೇಲೆ ಬಂದರೆ ನೇರ ಪೂರ್ಣ ತಪಾಸಣೆ. ಈ ಹಾಳೆ ಜರಡಿ ಇದ್ದ ಹಾಗೆ. ಇದರಲ್ಲಿ ಸಿಕ್ಕಿದ ಮಾತ್ರಕ್ಕೆ ಆಟಿಸಂ ಇದೆ ಎಂದಲ್ಲ.

ಪೂರ್ಣ ತಪಾಸಣೆ ಒಂದೇ ದಿನದಲ್ಲಿ ಮುಗಿಯದಿರಬಹುದು. ನಮಗೆ ಮೂರು ಸಲ ಹೋಗಬೇಕಾಯಿತು. ಕೋಣೆಯಲ್ಲಿ ನೆಲದ ಮೇಲೆ ಚಾಪೆ, ಒಂದು ಆಟದ ಫೋನು, ಗೊಂಬೆ, ಗಾಡಿ, ಬ್ಲಾಕು. ಮನಃಶಾಸ್ತ್ರಜ್ಞೆ ಅವನೊಡನೆ ನೆಲಕ್ಕೇ ಕೂತರು. ಪುಗ್ಗಾ ಊದಿ, ಗಂಟು ಹಾಕದೆ ಬಿಟ್ಟರು. ಅದು ಸುಯ್ಯೆಂದು ಕೋಣೆ ತುಂಬ ಹಾರಿತು. ಅವನು ಕುಣಿದ, ನಕ್ಕ. ಅವರು ಖಾಲಿ ಪುಗ್ಗಾ ಕೈಯಲ್ಲಿ ಹಿಡಿದು ಸುಮ್ಮನೆ ಕಾದರು. ಇನ್ನೊಮ್ಮೆ ಊದು ಎಂದು ಅವನು ಕೇಳುತ್ತಾನಾ, ಮುಖ ನೋಡುತ್ತಾನಾ ಎಂದು. ಅವನು ಅವರ ಕೈ ಹಿಡಿದು ಪುಗ್ಗಾವನ್ನು ಅವರ ಬಾಯಿಗೆ ಒತ್ತಿದ. ಕಣ್ಣು ಮಾತ್ರ ಪುಗ್ಗಾದ ಮೇಲೆ. ನನಗೆ ನಮ್ಮ ಚುರುಮುರಿ ಡಬ್ಬಿ ನೆನಪಾಯಿತು. ಆಟ ಆಡಿದ ಹಾಗೆ ಕಾಣುವ ಅಲ್ಲಿನ ಪ್ರತಿಯೊಂದೂ ಪರೀಕ್ಷೆಯೇ. ಅದಕ್ಕೇ ನಡುವೆ ಬಾಯಿ ಹಾಕಿ "ಮೇಡಂಗೆ ಟಾಟಾ ಮಾಡು, ಎಬಿಸಿಡಿ ಹೇಳು" ಎಂದು ಹೇಳಿಕೊಡಬೇಡಿ.

ನಿಮ್ಮ ಜೊತೆ ಬೇರೆ ಕೂತು ಮಾತಾಡುತ್ತಾರೆ. ಊಟ, ಸ್ನಾನ, ಬಟ್ಟೆ, ಜನರೊಡನೆ ಬೆರೆಯುವುದು ಇವನ್ನು ಕೇಳಿ ವಯಸ್ಸಿಗೆ ತಕ್ಕ ಬೆಳವಣಿಗೆ ಎಷ್ಟಿದೆ ಎಂದು ಅಳೆಯುತ್ತಾರೆ. ನಮ್ಮ ದೇಶದಲ್ಲೇ ತಯಾರಾದ ಇಸಾ ಎಂಬ ಮಾಪಕವನ್ನೂ ಬಳಸುತ್ತಾರೆ. ಅದರಲ್ಲಿ 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ ಎಂದು ಲೆಕ್ಕ. 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕಿಂತ ಮೇಲೆ ತೀವ್ರ. ಈ ಅಂಕಿ ನೋಡಿ ಮಗುವಿನ ಭವಿಷ್ಯ ಅಳೆಯಬೇಡಿ. ಅದು ಆ ದಿನದ ಲೆಕ್ಕ.

ಮಿದುಳಿನ ವಿದ್ಯುತ್ ಅಲೆ ನೋಡುವ ಇಇಜಿ, ಮಿದುಳಿನ ಸ್ಕ್ಯಾನ್ ಮಾಡುವ ಎಂಆರ್‌ಐ ಎಲ್ಲ ಮಕ್ಕಳಿಗೂ ಬೇಕಾಗಿಲ್ಲ. ಫಿಟ್ಸ್ ಬಂದಿದ್ದರೆ, ತಲೆಯ ಗಾತ್ರ ತೀರ ಸಣ್ಣ ಅಥವಾ ದೊಡ್ಡದಿದ್ದರೆ, ಕಲಿತದ್ದು ಮರೆತುಹೋಗಿದ್ದರೆ ಬರೆಯುತ್ತಾರೆ. ಯಾಕೆ ಬರೆದಿರಿ ಎಂದು ಕೇಳಿ.

ಮಗುವಿಗೆ ಊಟ ಕಟ್ಟಿಕೊಂಡು ಹೋಗಿ. ಮೆಚ್ಚಿನ ಒಂದು ಆಟಿಕೆ ಇರಲಿ. ಪಾಳಿ ಹಚ್ಚಲು ಒಬ್ಬರು, ಮಗುವನ್ನು ಹೊರಗೆ ಅಡ್ಡಾಡಿಸಲು ಒಬ್ಬರು, ಹೀಗೆ ಇಬ್ಬರು ಹೋದರೆ ಬಹಳ ಅನುಕೂಲ. ಅತ್ತೆಯನ್ನು ಮೂರನೇ ಸಲ ನಾನು ಬೇಕೆಂದೇ ಕರೆದುಕೊಂಡು ಹೋದೆ. ಡಾಕ್ಟರು ಅವರಿಗೇ ನೇರ ಹೇಳಿದ ಮೇಲೆ ಮನೆಯಲ್ಲಿ ವಾದ ನಿಂತಿತು.

ಜನ ಹೇಳುವ ಮೂರು ಮಾತು

"ಎರಡೆರಡು ಭಾಷೆ ಮಾತಾಡಿ ಹುಡುಗನಿಗೆ ಗೊಂದಲ ಆಗಿದೆ." ಬೆಳಗಾವಿಯಲ್ಲಿ ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ. ವಿಜಯಪುರದಲ್ಲಿ ಉರ್ದು, ಕನ್ನಡ. ಎರಡು ಭಾಷೆಯಿಂದ ಆಟಿಸಂ ಬರುವುದಿಲ್ಲ, ಜಾಸ್ತಿಯೂ ಆಗುವುದಿಲ್ಲ. ಮನೆಭಾಷೆ ಬಿಟ್ಟು ಇಂಗ್ಲಿಷಿನಲ್ಲೇ ಮಾತಾಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆಯಿ ಮುದ್ದು ಮಾಡುವ ಭಾಷೆ ಮಗುವಿಗೆ ಬೇಕು. ತಪಾಸಣೆಯ ಹೊತ್ತಿಗೆ ಮಾತ್ರ ಮನೆಯಲ್ಲಿ ಯಾವ ಭಾಷೆ ಎಂದು ಮೊದಲೇ ಹೇಳಿ.

"ಮೊಬೈಲಿನಿಂದ ಬಂತು." ಮೊಬೈಲು ತೆಗೆದಿಡುವುದು ಒಳ್ಳೆಯದೇ. ಪುಟ್ಟ ಮಗುವಿಗೆ ಅದು ಬೇಡ. ಆದರೆ ಆರು ತಿಂಗಳು ಮೊಬೈಲು ಬಿಡಿಸಿ ಆಮೇಲೆ ನೋಡೋಣ ಎಂದು ಕೂರಬೇಡಿ. ಇವತ್ತೇ ಮೊಬೈಲು ತೆಗೆದಿಡಿ, ಇದೇ ವಾರ ತಪಾಸಣೆಗೂ ಹೋಗಿ.

"ಚುಚ್ಚುಮದ್ದಿನಿಂದ ಬಂತು." ಹಾಗೆ ಹೇಳಿದ 1998ರ ಲೇಖನವನ್ನು ಅದನ್ನು ಛಾಪಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಉಳಿದ ಲಸಿಕೆ ತಪ್ಪಿಸಬೇಡಿ. ತಾಯಿ ಪ್ರೀತಿ ಕಡಿಮೆ ಮಾಡಿದ್ದರಿಂದ, ಬಸುರಿಯಿದ್ದಾಗ ಗ್ರಹಣ ನೋಡಿದ್ದರಿಂದ ಬರುವುದೂ ಇಲ್ಲ. ತಾಯಂದಿರೇ, ಇದನ್ನು ನಿಮಗಾಗಿ ಬರೆದಿದ್ದೇನೆ.

ಆರನೆಯದು: ಆಟಿಸಂ ಎಂದು ಹೆಸರು ಹೇಳಿದ ಮೇಲೆ

ಬಾಯಿಮಾತು ಸಾಲದು, ಬರೆದ ವರದಿ ಕೇಳಿ. ಯಾವ ಪರೀಕ್ಷೆ, ಎಷ್ಟು ಅಂಕ, ಯಾವ ಥೆರಪಿ ವಾರಕ್ಕೆ ಎಷ್ಟು ಸಲ, ಮುಂದೆ ಯಾವಾಗ ಬರಬೇಕು, ಎಲ್ಲ ಅದರಲ್ಲಿರಬೇಕು. ನಾಲ್ಕು ಝೆರಾಕ್ಸ್ ಮಾಡಿಸಿ. ದುಡಿಯಲು ಗೋವಾಕ್ಕೋ ಕಬ್ಬು ಕಡಿಯಲೋ ಊರು ಬಿಡುವವರಾದರೆ ಮೊಬೈಲಿನಲ್ಲಿ ಫೋಟೋ ಕೂಡ ಇಟ್ಟುಕೊಳ್ಳಿ. ಹೋದ ಊರಿನಲ್ಲಿ ಮತ್ತೆ ಮೊದಲಿನಿಂದ ಶುರು ಮಾಡುವುದು ತಪ್ಪುತ್ತದೆ.

"ಈಗಲೇ ಹೇಳಲಾಗದು, ಆರು ತಿಂಗಳು ಬಿಟ್ಟು ಬನ್ನಿ" ಎಂದರೆ ಆ ಆರು ತಿಂಗಳು ಸುಮ್ನೆ ಇರಬೇಡಿ. ಮಾತಿನ ಥೆರಪಿ ಶುರು ಮಾಡಲು ಆಟಿಸಂ ಎಂಬ ಹೆಸರು ಬೇಕಿಲ್ಲ, ಮಾತು ತಡ ಎಂಬ ಕಾರಣವೇ ಸಾಕು. ತಂದೆತಾಯಿ ಮನೆಯಲ್ಲಿ ಏನು ಮಾಡಬೇಕು ಎಂದು ಥೆರಪಿಸ್ಟ್ ಹತ್ತಿರ ಕೂತು ಕಲಿಯಿರಿ. ವಾರಕ್ಕೆ ಎರಡು ತಾಸು ಅವರು ಕಲಿಸುತ್ತಾರೆ, ಉಳಿದ ಹೊತ್ತೆಲ್ಲ ಮಗು ನಿಮ್ಮ ಹತ್ತಿರವೇ ಇರುತ್ತದೆ. ಸ್ಟೆಮ್ ಸೆಲ್ ಚುಚ್ಚುಮದ್ದು, ಮೈಯಿಂದ ವಿಷ ತೆಗೆಯುವ ಔಷಧ, "ಮೂರು ತಿಂಗಳಲ್ಲಿ ಪೂರ್ತಿ ಗುಣ" ಎನ್ನುವವರ ಹಿಂದೆ ಹೋಗಿ ಹೊಲ ಮಾರಬೇಡಿ. ಅವು ಆಟಿಸಂಗೆ ಕೆಲಸ ಮಾಡುತ್ತವೆ ಎಂದು ಸಾಬೀತಾಗಿಲ್ಲ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿರುವ 21 ಬಗೆಯಲ್ಲಿ ಆಟಿಸಂ ಒಂದು. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ಸಹಾಯ ಮಾಡುತ್ತಾರೆ, ಅದು ಅವರ ಕೆಲಸ. ಹೆಚ್ಚಿನ ಸೌಲಭ್ಯಗಳಿಗೆ ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯ ಶೇಕಡ 40 ಅಥವಾ ಹೆಚ್ಚು ಇರಬೇಕು. ಸರ್ಟಿಫಿಕೇಟ್ ಆದ ಮೇಲೆ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಎಂಬ ಆರೋಗ್ಯ ವಿಮೆ ಮಾಡಿಸಬಹುದು, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಥೆರಪಿಯ ಖರ್ಚೂ ಅದರಲ್ಲಿ ಬರುತ್ತದೆ, ಆದ್ದರಿಂದ ಪ್ರತಿ ರಸೀದಿ ಎತ್ತಿಡಿ. "ಕಾರ್ಡ್ ಮಾಡಿಸಿದರೆ ಹುಡುಗನಿಗೆ ಹೆಸರು ಅಂಟುತ್ತದೆ" ಎಂದು ನನ್ನ ಗಂಡ ಒಂದು ವರ್ಷ ಹಿಂದೇಟು ಹಾಕಿದರು. ಆ ಕಾರ್ಡನ್ನು ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಎನ್ನುವುದು ನಮ್ಮ ಕೈಯಲ್ಲೇ ಇದೆ.

ಅಂಗನವಾಡಿ ಬಿಡಿಸಬೇಡಿ. ಅಕ್ಕನಿಗೆ ವಿಷಯ ತಿಳಿಸಿ, ಗಂಟೆ ಬಾರಿಸುವ ಮೊದಲು ಮಗುವಿಗೆ ಒಂದು ಮಾತು ಹೇಳಲು ಕೇಳಿಕೊಳ್ಳಿ. ಒಂದನೇ ತರಗತಿಗೆ ಸೇರಿಸುವ ಆರು ತಿಂಗಳ ಮುಂಚೆ ಮತ್ತೊಮ್ಮೆ ತಪಾಸಣೆ ಮಾಡಿಸಿ, ಹೊಸ ವರದಿಯನ್ನು ಹಳೆಯದರ ಜೊತೆ ಅದೇ ಫೈಲಿನಲ್ಲಿ, ಅದೇ ನೋಟ್‌ಬುಕ್ಕಿನ ಪಕ್ಕ ಇಡಿ.